ಆರ್ಗನ್ ನುಡಿಸುವ ಕೈ

ಆಸ್ಪತ್ರೆಯವರು ಹೇಳಿದ ಹೊತ್ತಿಗಿಂತ ಮುಂಚೆಯೇ ಹೋಗಿಬಿಟ್ಟಿದ್ದೆ. ಬೇಗ ಹೋಗಿ ಒಳಗೆ ಕೂತರೆ ಅವರನ್ನು ಅವಸರ ಮಾಡಿದಂತಾಗುತ್ತದೆ. ಅದಕ್ಕೇ ಬಾಗಿಲ ಹೊರಗಿನ ಬೆಂಚಿನ ಮೇಲಿನ ಹಿಮ ಒರೆಸಿ ಅಲ್ಲೇ ಕೂತೆ. ಉತ್ತರ ತುದಿಯ ನಮ್ಮ ಕಾಯಾನಿಯಲ್ಲಿ ಜನವರಿ ಅಂದರೆ ಮೂಳೆ ಕೊರೆಯುವ ಚಳಿ. ಆದರೂ ನಮ್ಮೂರಲ್ಲಿ ಇದನ್ನು ಯಾರೂ ಹುಚ್ಚು ಅನ್ನುವುದಿಲ್ಲ. ಆಚೆ ತುದಿಯಲ್ಲಿ ಇನ್ನೊಬ್ಬರೂ ಹಾಗೇ ಕೂತಿದ್ದರು.

ಭಯವಾಗಿತ್ತು, ಮುಚ್ಚಿಡುವುದೇನು ಬಂತು. ಚರ್ಚಿನಲ್ಲಿ ಆರ್ಗನ್ ನುಡಿಸುವುದು ನನ್ನ ಕೆಲಸ. ಈ ಚಳಿಗಾಲ ಬೆರಳು ಜೋಮು ಹಿಡಿದು, ಒಂದು ಶವಸಂಸ್ಕಾರದಲ್ಲಿ ಎಲ್ಲರಿಗೂ ಕೇಳುವಂತೆ ಸ್ವರ ತಪ್ಪಿಸಿದ್ದೆ. ನಮ್ಮಮ್ಮನಿಗೂ ಕೊನೆಗಾಲದಲ್ಲಿ ನರ ಸೋತು ಚಮಚ ಹಿಡಿಯಲಾಗುತ್ತಿರಲಿಲ್ಲ. ನನ್ನ ಗಂಡ ತೈಸ್ತೊ ಹೋದ ಮೇಲೆ ನನಗೆ ಉಳಿದಿರುವುದು ಆರ್ಗನ್ ಒಂದೇ. ಅದೂ ಹೋದರೆ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರುವುದಿಲ್ಲ.

ಆಸ್ಪತ್ರೆಯಲ್ಲಿ ನರದ ಪರೀಕ್ಷೆ ಮಾಡುವವಳು ತುಯಿರೆ, ಗಟ್ಟಿ ಹೆಂಗಸು. ಸಣ್ಣ ಸುತ್ತಿಗೆಯಿಂದ ಮೊಣಕಾಲ ಕೆಳಗೆ ತಟ್ಟಿದಳು. ಕಾಲು ಒದೆಯಿತು.

"ನಾನು ಒದೀಲಿಲ್ಲ" ಎಂದೆ.

"ಗೊತ್ತು. ಇದಕ್ಕೆ ನಿಮ್ಮ ಅಪ್ಪಣೆ ಬೇಕಾಗಿಲ್ಲ. ಸುದ್ದಿ ಬೆನ್ನುಹುರಿವರೆಗೆ ಹೋಗಿ ಅಲ್ಲಿಂದಲೇ ವಾಪಸ್ ಬರುತ್ತೆ, ತಲೆಗೆ ಆಮೇಲೆ ಗೊತ್ತಾಗೋದು. ಬಿಸಿ ಒಲೆ ಮುಟ್ಟಿದ್ರೆ ಕೈ ಮೊದಲು ಹಿಂದಕ್ಕೆ ಬರುತ್ತೆ, ಅಯ್ಯೋ ಅನ್ನೋದು ಆಮೇಲೆ. ಕೈ ತಣ್ಣಗಿದೆಯಾ?"

"ಇಲ್ಲ."

ಮತ್ತೇನು ಹೇಳಲಿ? ಏನು ಕೇಳಿದರೂ ತೊಂದರೆ ಇಲ್ಲ ಅನ್ನುವುದೇ ನಮ್ಮ ಕಡೆಯ ಮರ್ಯಾದೆ.

ಮಣಿಕಟ್ಟಿಗೆ ಚುರುಕ್ಕನೆ ಕರೆಂಟು ಕೊಟ್ಟಳು. ಹೆಬ್ಬೆರಳು ಹಾರಿತು. ಆ ಸುದ್ದಿ ಎಷ್ಟು ಬೇಗ ಬೆರಳಿಗೆ ತಲುಪಿತೆಂದು ಯಂತ್ರ ಅಳೆಯುತ್ತದಂತೆ. ಪರದೆ ನೋಡಿ ತುಯಿರೆ ಹುಬ್ಬು ಗಂಟಿಕ್ಕಿದಳು.

"ನಿಧಾನ. ತುಂಬಾ ನಿಧಾನ."

ಮುಗಿಯಿತು ನನ್ನ ಕಥೆ, ಅಮ್ಮನ ಚಮಚ ನನಗೂ ಬಂತು ಅಂದುಕೊಂಡೆ. ಅಷ್ಟರಲ್ಲಿ ಅವಳು ತನ್ನ ಕೈಗವಸು ಕಳಚಿ ನನ್ನ ಬೆರಳು ಮುಟ್ಟಿದಳು.

"ಹಿಲ್ಕ ಅವರೇ, ಇದೇನಿದು? ಎಲ್ಲಿ ಕೂತಿದ್ರಿ?"

"ಹೊರಗೆ. ಬೇಗ ಬಂದಿದ್ದೆ."

"ಒಳ್ಳೆಯವರು ನೀವು. ನರ ಚೆನ್ನಾಗಿದ್ರೂ ಕೈ ತಣ್ಣಗಾದ್ರೆ ಸುದ್ದಿ ತೆವಳುತ್ತೆ. ಬಾಯಿ ಬಿಟ್ಟು ಹೇಳೋಕೆ ಏನು?"

ಬೋಗುಣಿಯಲ್ಲಿ ಬಿಸಿನೀರು ತಂದು ಕೈ ಅದ್ದಿಸಿದಳು. ಆಮೇಲೆ ಒರೆಸಿ, ಟವೆಲಿನೊಳಗೆ ತನ್ನ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು ಕೂತಳು. ನಾನು ಗೋಡೆ ನೋಡುತ್ತಿದ್ದೆ. ತೈಸ್ತೊ ಹೋದ ಮೇಲೆ ಆ ಕೈಯನ್ನು ಯಾರೂ ಹಿಡಿದಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಬಿಸಿಯಾಗದಿರಲಿ ಎಂದು ನಾಚಿಕೆ ಬಿಟ್ಟು ಮನಸ್ಸಿನಲ್ಲೇ ಬೇಡಿಕೊಂಡೆ.

ಮತ್ತೆ ಅಳೆದಳು. "ನರ ಗಟ್ಟಿಮುಟ್ಟಾಗಿದೆ. ಇನ್ನು ನೀವು ಬರೋದೇ ಬೇಡ."

ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಆ 'ಬೇಡ' ಎಂಬ ಮಾತು ಬಸ್ಸಿನಲ್ಲಿ ದಾರಿಯುದ್ದಕ್ಕೂ ಚುಚ್ಚುತ್ತಿತ್ತು.

ನೇರ ಚರ್ಚಿಗೆ ಹೋದೆ. ಚರ್ಚು ನೋಡಿಕೊಳ್ಳುವ ಉರ್ಪೊ ಕಸ ಗುಡಿಸುತ್ತಿದ್ದ.

"ಉರ್ಪೊ, ಇಲ್ಲಿ ಚಳಿ. ನನ್ನ ಬೆರಳು ಓಡ್ತಾ ಇಲ್ಲ" ಎಂದೆ. ಇಷ್ಟು ಹೇಳಲು ನನಗೆ ಎಷ್ಟು ವರ್ಷ ಬೇಕಾಯಿತೋ.

ಅವನು ಪೊರಕೆ ನಿಲ್ಲಿಸಿದ. "ನಿಮಗೆ ಹೀಗೇ ತಣ್ಣಗಿರಬೇಕು ಅಂದ್ಕೊಂಡಿದ್ದೆ. ಬಿಸಿಯಾದ್ರೆ ಆರ್ಗನ್ ಶ್ರುತಿ ಕೆಡುತ್ತೆ ಅಂತ ತೈಸ್ತೊ ಹೇಳ್ತಿದ್ದ. ಅದಕ್ಕೇ ಹೀಟರ್ ಕಡಿಮೆ ಇಟ್ಟಿದ್ದೆ. ನಾನೂ ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಗುಡಿಸ್ತೀನಿ."

"ನನಗೆ ಹೇಳಬಾರದಿತ್ತಾ?"

"ನೀವು ಹೇಳಿದ್ರಾ?"

ಅವನು ಹೀಟರ್ ಹೆಚ್ಚಿಸಲು ನೆಲಮಾಳಿಗೆಗೆ ಇಳಿದುಹೋದ. ನಾನು ಮೇಲೆ ಹತ್ತಿ ಆರ್ಗನ್ ಮುಂದೆ ಕೂತು, ಚರ್ಚು ಬೆಚ್ಚಗಾಗಲೆಂದು ಕಾದೆ. ಬಹಳ ಹೊತ್ತಿನ ಮೇಲೆ ತೊಡೆಯ ಕಡೆ ನೋಡಿದರೆ, ಬಲಗೈ ಎಡಗೈಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ನಾನು ಹಿಡಿ ಎಂದಿರಲಿಲ್ಲ.