ನೋವಿಗೆ ಮೂರೇ ಮಾರ್ಕು

ಟೇಪು ಹೇಳುವುದರಲ್ಲಿ ಕಾಲುಭಾಗ ನಿಜವಿದ್ದರೆ ಅದೇ ಹೆಚ್ಚು ಎನ್ನುತ್ತಾಳೆ ಅವನ ಅಕ್ಕ. ಇದು ಆ ಕಾಲುಭಾಗಕ್ಕೆ ಸೇರಿದ್ದು. ಇದರಲ್ಲಿ ಅವನ ಮಾನ ಹೋಗಿದೆ. ಮಾನ ಹೋಗುವಂಥ ಸುಳ್ಳು ಹೇಳುವಷ್ಟು ದಡ್ಡ ಅವನಲ್ಲ.

ಟೇಪು ಬಸ್ ನಿಲ್ದಾಣದ ಅನೌನ್ಸರ್. ಕೇಳಿದ ದನಿಯನ್ನು ಮರುಗಳಿಗೆಯಲ್ಲೇ ಒಪ್ಪಿಸುತ್ತಿದ್ದುದರಿಂದ ಕಾಲೇಜಿನಲ್ಲಿ ಅಂಟಿಕೊಂಡ ಹೆಸರು ಅದು. ಡಿಗ್ರಿಯೂ ಒಂದಿತ್ತು. ಅದು ಅವನದೋ, ಪಕ್ಕದ ಬೆಂಚಿನವನ ಉತ್ತರಪತ್ರಿಕೆಯದೋ ಎಂದು ಭಾವ ಕೇಳುತ್ತಿದ್ದರು. ನಲವತ್ತೈದು ದಾಟಿದ್ದರೂ ತನ್ನ ಸ್ವಂತ ದನಿ ಯಾವುದೆಂದು ಅವನಿಗೇ ಖಚಿತವಿರಲಿಲ್ಲ.

ಭಾವ ನಿವೃತ್ತ ಗಣಿತದ ಮೇಷ್ಟ್ರು. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಗುಣಪಡಿಸುವ ಚಿಕಿತ್ಸೆ ಮುಗಿಯಿತು, ಇನ್ನು ನೋವು ನೋಡಿಕೊಳ್ಳುವವರು ಮನೆಗೇ ಬರುತ್ತಾರೆ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಹಾಗೆ ಮಂಗಳವಾರ, ಶುಕ್ರವಾರ ಸಿಸ್ಟರ್ ಬರುತ್ತಿದ್ದರು. ಹೊರಡುವ ಮೊದಲು ಫೋನು ಮಾಡಿ, "ಮೇಷ್ಟ್ರೇ, ಇವತ್ತು ನೋವಿಗೆ ಹತ್ತಕ್ಕೆ ಎಷ್ಟು ಕೊಡ್ತೀರಿ?" ಎಂದು ಕೇಳುವರು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತೆಂದರೆ ತಡೆಯಲಾಗದ್ದು.

"ಮೂರು," ಎನ್ನುವರು ಭಾವ.

ಮೂರಕ್ಕೆ ತಕ್ಕ ಮಾತ್ರೆ ಬರುತ್ತಿತ್ತು. ಸಿಸ್ಟರ್ ಬಾಗಿಲಿಗೆ ಬರುವ ಹೊತ್ತಿಗೆ ಭಾವ ಅಂಗಿಯ ಗುಂಡಿಯೆಲ್ಲ ಹಾಕಿಕೊಂಡು, ಇನ್ಸ್‌ಪೆಕ್ಷನ್ ದಿನದ ತರಗತಿಯ ಹಾಗೆ ನೆಟ್ಟಗೆ ಕೂತಿರುತ್ತಿದ್ದರು. ಸಿಸ್ಟರ್ ಅತ್ತ ಹೋದದ್ದೇ ಇತ್ತ ಭಾವ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಮುಗಿಯಿತು. ಪೇಪರು ಬೇಡ, ರೇಡಿಯೋ ಬೇಡ, ಅಕ್ಕ ಕಲಸಿ ಕೊಟ್ಟ ಅನ್ನವೂ ಬೇಡ.

ಟೇಪುವಿಗೆ ಸಂಕಟವಾಗಿದ್ದು ಬೇರೊಂದು ಕಾರಣಕ್ಕೆ. ಭಾವ ಅವನನ್ನು ಬೈದು ಒಂದು ತಿಂಗಳಾಗಿತ್ತು. ಅಕ್ಕನ ಮನೆಯಲ್ಲೇ ಇದ್ದು ಇಪ್ಪತ್ತು ವರ್ಷ ದಿನಕ್ಕೆರಡು ಹೊತ್ತು ಬೈಸಿಕೊಂಡವನಿಗೆ ಹೊಟ್ಟೆ ಖಾಲಿ ಖಾಲಿ ಅನ್ನಿಸುತ್ತಿತ್ತು. ಹಾಸಿಗೆಯ ಪಕ್ಕ ನಿಂತು ಹಳೆಯ ಹೆಡ್‌ಮಾಸ್ಟರರ ಕೆಮ್ಮು ಕೆಮ್ಮಿದ, ಪಕ್ಕದ ಮನೆಯವರ ಸ್ಕೂಟರ್ ಸ್ಟಾರ್ಟ್ ಮಾಡಿದ, ಮೇಕೆಯಾದ. ಮೇಕೆಗೆ ಕಿಟಕಿಯಲ್ಲಿದ್ದ ಬೆಕ್ಕು ಎದ್ದು ಹೋಯಿತು. ಭಾವ ಕದಲಲಿಲ್ಲ.

"ಸಾಕು ಬಿಡೋ," ಎಂದಳು ಅಕ್ಕ. "ಅವರಿಗೇನೂ ಬೇಡವಾಗಿದೆ. ನನ್ನನ್ನೂ ನೋಡಲ್ಲ."

ಆ ಶುಕ್ರವಾರ ಬೆಳಿಗ್ಗೆ ಫೋನು ರಿಂಗಾದಾಗ ಭಾವನಿಗೆ ಆಗಷ್ಟೇ ಜೊಂಪು ಹತ್ತಿತ್ತು. ಅಕ್ಕ ಬಚ್ಚಲಲ್ಲಿದ್ದಳು. ಟೇಪು ಎತ್ತಿದ. ಎತ್ತಿ, ಏಕೆಂದು ಅವನಿಗೇ ತಿಳಿಯದು, ಭಾವನ ದನಿ ತೆಗೆದ.

"ಎಂಟು," ಎಂದ.

ಆ ಕಡೆ ಸಿಸ್ಟರ್ ದನಿ ಏರಿತು. "ಎಂಟಾ? ಮೇಷ್ಟ್ರೇ, ಡಾಕ್ಟರನ್ನೂ ಕರ್ಕೊಂಡು ಈಗಲೇ ಬರ್ತೀನಿ."

ತನ್ನ ಮಿಮಿಕ್ರಿಗೆ ಒಬ್ಬ ಡಾಕ್ಟರ್ ಓಡಿ ಬಂದದ್ದು ಟೇಪುವಿನ ಕಲಾಜೀವನದಲ್ಲಿ ಅದೇ ಮೊದಲು. ಹೆಮ್ಮೆಪಡುವಷ್ಟು ಪುರುಸೊತ್ತು ಮಾತ್ರ ಸಿಗಲಿಲ್ಲ. ಅರ್ಧ ಗಂಟೆಯಲ್ಲಿ ಇಬ್ಬರೂ ಹಾಸಿಗೆಯ ಪಕ್ಕ ಇದ್ದರು.

"ಫೋನಲ್ಲಿ ಎಂಟು ಅಂದ್ರಲ್ಲ, ಎಲ್ಲಿ ನೋವು?" ಎಂದರು ಸಿಸ್ಟರ್.

"ನಾನಾ?" ಭಾವ ಕಣ್ಣರಳಿಸಿದರು. "ನಾನು ಜನ್ಮದಲ್ಲಿ ಯಾರಿಗೂ ಎಂಟು ಕೊಟ್ಟವನಲ್ಲಮ್ಮ."

ನಾಲ್ಕು ಜೊತೆ ಕಣ್ಣು ಟೇಪುವಿನ ಕಡೆ ತಿರುಗಿದವು. ಅವನು ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹುಡುಕತೊಡಗಿದ.

"ಮಂಗ," ಎಂದಳು ಅಕ್ಕ.

ಸಿಸ್ಟರ್ ಬೈಯಲಿಲ್ಲ, ಟೇಪುವಿಗೆ ಅದೇ ಹೆಚ್ಚು ಉರಿಯಿತು. "ನೋಡಿ, ನೀವು ಹೇಳೋ ನಂಬರ್ ನೋಡಿ ನಾವು ಔಷಧಿ ಏರಿಸ್ತೀವಿ, ಇಳಿಸ್ತೀವಿ. ಇದು ಆಟದ ಸಾಮಾನಲ್ಲ. ಎಂಟು ಅಂತ ಯಾಕೆ ಹೇಳಿದ್ರಿ?"

ಟೇಪು ಬೇರೆಯವರ ದನಿಯನ್ನು ಹುಡುಕಿದ. ಒಂದೂ ಸಿಗಲಿಲ್ಲ. "ನಿನ್ನೆ ಮಧ್ಯಾಹ್ನ ಭಾವ ಮಗ್ಗುಲು ಬದಲಾಯಿಸೋಕೆ ದಿಂಬಿನ ತುದಿ ಬಾಯಿಗೆ ಇಟ್ಕೊಂಡ್ರು. ಬಚ್ಚಲಿಗೆ ಹತ್ತು ಹೆಜ್ಜೆ, ನಾಲ್ಕು ಕಡೆ ಗೋಡೆ ಹಿಡ್ಕೊಂಡು ನಿಂತ್ರು. ನೀವು ಬಂದ್ರೆ ಮಾತ್ರ ಗುಂಡಿ ಹಾಕಿ ಕೂತ್ಕೋತಾರೆ. ಇನ್ನೇನು ಹೇಳಲಿ ನಾನು."

ಡಾಕ್ಟರ್ ಕುರ್ಚಿ ಎಳೆದುಕೊಂಡರು. "ಮೇಷ್ಟ್ರೇ, ನಿಮ್ಮ ಕೈಲಿ ಹತ್ತಕ್ಕೆ ಅತಿ ಹೆಚ್ಚು ತಗೊಂಡವನು ಎಷ್ಟು ತಗೊಂಡಿದ್ದ?"

"ನಾಲ್ಕು," ಎಂದರು ಭಾವ. "ಹುಡುಗ ಚೆನ್ನಾಗಿದ್ದ. ಅಕ್ಷರ ಕೆಟ್ಟದಿತ್ತು."

"ಅಂದ್ರೆ ನಾಲ್ಕು ಫಸ್ಟ್ ರ‍್ಯಾಂಕು."

"ಹೌದು."

"ಹಾಗಾದ್ರೆ ಮೂರು?"

ನಲವತ್ತು ವರ್ಷ ಬೋರ್ಡಿನ ಮುಂದೆ ನಿಂತ ಭಾವ ಮನಸ್ಸಿನಲ್ಲೇ ಲೆಕ್ಕ ಹಾಕುವುದು ಎಲ್ಲರಿಗೂ ಕಾಣಿಸಿತು. ಕೊನೆಗೆ, "ಪೂರ್ತಿ ಮಾರ್ಕ್ಸ್ ಕೊಟ್ಟುಬಿಟ್ರೆ ಮುಂದಕ್ಕೆ ಏನು ಉಳೀತು ಅಂತ," ಎಂದರು ಮೆಲ್ಲಗೆ. "ಹೆಚ್ಚು ಹೇಳಿದ್ರೆ ಮಾರ್ಫಿನ್ ಕೊಡ್ತೀರಿ. ಮಾರ್ಫಿನ್ ಅಂದ್ರೆ ಕೊನೆ ಅಲ್ವಾ?"

"ಅಲ್ಲ. ಅದು ನೋವಿಗೆ ಕೊಡೋ ಔಷಧಿ. ಸಣ್ಣದಾಗಿ ಶುರು ಮಾಡ್ತೀವಿ, ನಾಲ್ಕು ಗಂಟೆಗೊಂದು ಸಲ. ಮಲಬದ್ಧತೆ ಆಗತ್ತೆ, ಅದಕ್ಕೂ ಔಷಧಿ ಜೊತೆಗೇ ಇರತ್ತೆ. ಎರಡು ದಿನ ಮಂಪರು ಬರಬಹುದು." ಡಾಕ್ಟರ್ ತಡೆದು ಕೇಳಿದರು. "ಮನಸ್ಸು ಹೇಗಿದೆ?"

ಭಾವ ಅಕ್ಕನ ಕಡೆ ನೋಡಿದರು. "ಬಾಯಿ ಬಿಟ್ರೆ ಮಾತಿನ ಬದಲು ನರಳಾಟ ಬಂದ್ಬಿಡತ್ತೆ ಅಂತ ಸುಮ್ನಿದ್ದೆ. ಇವಳು ಹೆದರ್ತಾಳೆ."

"ನೀವು ಗೋಡೆ ನೋಡ್ತಾ ಮಲಗಿದ್ರಲ್ಲ, ಅದಕ್ಕೆ ನಾನು ಹೆದರಿದ್ದು," ಎಂದಳು ಅಕ್ಕ. ತಿಂಗಳಿಂದ ಹಿಡಿದಿಟ್ಟದ್ದು ಅವಳ ಕಣ್ಣಲ್ಲಿ ಒಡೆಯಿತು. ಭಾವ ಅವಳ ಸೆರಗಿನ ತುದಿ ಹಿಡಿದುಕೊಂಡರು.

ನೋವು ಇಳಿದ ಮೇಲೂ ಮನಸ್ಸು ಏಳದಿದ್ದರೆ ಅದಕ್ಕೂ ಮದ್ದುಂಟು, ಮಾತೂ ಉಂಟು ಎಂದರು ಡಾಕ್ಟರ್. ಮೇಷ್ಟ್ರ ಮಾರ್ಕಿನ ಮೇಲೆ ಸಿಸ್ಟರಿಗೆ ನಂಬಿಕೆ ಹೋಗಿತ್ತು. ಅಂದಿನಿಂದ ಅವರು ಬೇರೆ ಪ್ರಶ್ನೆ ಕೇಳಿ ಬರೆದುಕೊಳ್ಳತೊಡಗಿದರು: ಎಷ್ಟು ಹೊತ್ತು ನಿದ್ದೆ, ಎಷ್ಟು ಹೆಜ್ಜೆ, ಎಷ್ಟು ತುತ್ತು. ಟೇಪುವಿನ ಕೋರಿಕೆಯ ಮೇರೆಗೆ ಕೊನೆಯಲ್ಲಿ ಇನ್ನೊಂದು ಸಾಲು ಸೇರಿತು: ಭಾವಮೈದುನನನ್ನು ಬೈದದ್ದು ಎಷ್ಟು ಸಲ.

ಮೊದಲ ವಾರ ಆ ಸಾಲಿನಲ್ಲಿ ಸೊನ್ನೆ. ಮಂಪರು ಕಳೆಯಿತು, ಔಷಧಿಯ ಪ್ರಮಾಣ ಸ್ವಲ್ಪ ಏರಿತು, ಭಾವ ಮೂರು ತಾಸು ಒಂದೇ ಸಮ ನಿದ್ರಿಸಿದರು. ಆಮೇಲೆ ಕುರ್ಚಿಯಲ್ಲಿ ಕೂತು ಅರ್ಧ ಬಟ್ಟಲು ಗಂಜಿ ಕುಡಿದರು. ಬೈಗುಳ ಮಾತ್ರ ಇನ್ನೂ ಸೊನ್ನೆಯೇ. ಕ್ಯಾನ್ಸರು ಇದ್ದಲ್ಲೇ ಇತ್ತು, ಅದು ಟೇಪುವಿಗೆ ಗೊತ್ತಿತ್ತು. ಆದರೆ ಭಾವ ತನ್ನನ್ನು ಬಯ್ಯದೆ ಹೋಗಿಬಿಟ್ಟರೆ ಎಂಬುದೇ ಅವನ ದಿಗಿಲು.

ಮರುವಾರ ಮಧ್ಯಾಹ್ನ ಟೇಪು ಮೈಕಿನ ಮುಂದೆ ಕೂತಿದ್ದಾಗ ಫೋನು ಬಂತು. ಗಡಸು ದನಿ, ಮೂಗಿನಿಂದ. "ಕೇಂದ್ರ ಕಚೇರಿಯಿಂದ. ಅನೌನ್ಸರ್ ಯಾರು ಅಲ್ಲಿ? ನಿಮ್ಮ ಉಚ್ಚಾರದ ಮೇಲೆ ಹದಿನೇಳು ದೂರು ಬಂದಿವೆ."

ಟೇಪು ಎದ್ದು ನಿಂತ. ಫೋನಿಗೆ ಕಾಣುವುದಿಲ್ಲವೆಂಬುದು ಹೊಳೆಯಲಿಲ್ಲ. "ಸಾರ್, ತಪ್ಪಾಯ್ತು ಸಾರ್. ತಿದ್ಕೋತೀನಿ ಸಾರ್."

"ಒಂದರಿಂದ ಹತ್ತರ ತನಕ ಪ್ಲಾಟ್‌ಫಾರ್ಮ್ ನಂಬರ್ ಹೇಳಿ. ಸ್ಪಷ್ಟವಾಗಿ."

ಮೈಕಿನ ಅಂಚು ಹಿಡಿದು ಟೇಪು ಶುರು ಮಾಡಿದ. ಏಳಕ್ಕೆ ಬರುವಷ್ಟರಲ್ಲಿ ಆ ಕಡೆಯ ಸಾಹೇಬರಿಗೆ ಉಸಿರು ಹಿಡಿಯಲಾಗದೆ, "ಲೋ ಮುಠ್ಠಾಳ," ಎಂಬ ಮಾತು ಹೊರಬಿತ್ತು. "ಇಪ್ಪತ್ತು ವರ್ಷ ಊರಿನವರ ದನಿಯೆಲ್ಲ ಕದ್ದೆ, ಮನೆಯವರ ದನಿ ಗುರುತು ಸಿಗಲಿಲ್ವೇನೋ? ನಿನ್ನ ಕಿವಿಗೆ ಹತ್ತಕ್ಕೆ ಸೊನ್ನೆ ಕಣೋ." ಹಿಂದಿನಿಂದ ಅಕ್ಕನ ಕಿಸಕ್ಕನೆ ನಗು.

ಟೇಪು ಕುರ್ಚಿಯ ಮೇಲೆ ಕುಸಿದ. ನಗು ಹೊಟ್ಟೆಯಿಂದ ಎದ್ದು ಬಂತು, ಕಣ್ಣಿಂದ ನೀರೂ ಬಂತು. ಯಾರ ದನಿಯೂ ಅಲ್ಲದ, ಕತ್ತೆ ಒದರಿದಂಥ ಆ ನಗುವಿಗೆ ಆರನೇ ಪ್ಲಾಟ್‌ಫಾರ್ಮಿನ ಪ್ರಯಾಣಿಕರೆಲ್ಲ ತಲೆಯೆತ್ತಿ ಸ್ಪೀಕರಿನ ಕಡೆ ನೋಡಿದರು. ಮೈಕು ಆನ್ ಇತ್ತು.