ನಿಲ್ಲದ ಒತ್ತುಯಂತ್ರ

ಮೇನ್ ಸ್ವಿಚ್ ಆರಿಸಿದರೆ ಒತ್ತುಯಂತ್ರದ ಅಚ್ಚು ತಣ್ಣಗಾಗುತ್ತದೆ. ಮತ್ತೆ ಕಾಯಲು ನಲವತ್ತು ನಿಮಿಷ. ಅಷ್ಟು ಹೊತ್ತಿನಲ್ಲಿ ಎಂಬತ್ತು ಪ್ಲಾಸ್ಟಿಕ್ ಮುಚ್ಚಳ ಒತ್ತಬಹುದು. ವರ್ಕ್‌ಶಾಪ್ ನಡೆಸುವ ಮಾವನಿಗೆ ಈ ಲೆಕ್ಕ ಬಾಯಿಪಾಠ. ಅದಕ್ಕೇ ಅಚ್ಚಿನಲ್ಲಿ ಮುಚ್ಚಳ ಸಿಕ್ಕಿಕೊಂಡಾಗ ಅವನು ಸ್ವಿಚ್ಚಿನ ಕಡೆ ತಿರುಗಿಯೂ ನೋಡಲಿಲ್ಲ. ಒತ್ತುಯಂತ್ರವನ್ನು ನಡೆಸುವ ಪೈಥಾನ್ ಪ್ರೋಗ್ರಾಂ ಬರೆದವಳು ಅವನ ಅಕ್ಕನ ಮಗಳೇ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದಳು.

"ಪುಟ್ಟಿ, ನಿನ್ನ ಲಾಕ್ ಹಾಕೇ. ಎರಡು ನಿಮಿಷದ ಕೆಲಸ."

ಅವಳು ತಪ್ಪು ಹುಡುಕುವ ಡೀಬಗರ್‌ನಲ್ಲಿ ಪ್ರೋಗ್ರಾಮನ್ನು ಫಂಕ್ಷನ್ ಎಂಬ ಒಂದು ತುಂಡಿನ ನಡುವೆ ನಿಲ್ಲಿಸಿದ್ದಳು. ಅಲ್ಲೇ, ಅಚ್ಚನ್ನು ಇಳಿಯಗೊಡದ 'ಲಾಕ್' ಎಂಬ ವೇರಿಯಬಲ್‌ಗೆ 'ಟ್ರೂ', ಅಂದರೆ ಹೌದು, ಎಂದು ಕೊಟ್ಟಳು. ಖಾತ್ರಿಗೆ ಅದನ್ನು ಸ್ಕ್ರೀನಿನ ಮೇಲೆ ಪ್ರಿಂಟ್ ಮಾಡಿದಳು. ಟ್ರೂ ಎಂದೇ ಬಂತು.

"ಬಿತ್ತು, ಮಾವ."

"ನೋಡ್ಕೋ ತಾಯಿ, ಇರೋದು ಎರಡೇ ಕೈ."

"ಸ್ಕ್ರೀನೇ ಹೇಳ್ತಿದೆಯಲ್ಲ, ಹಾಕು."

ಮಾವ ಬಲಗೈ ಒಳಗಿಟ್ಟ. ಲಾಕ್ ಬಿದ್ದಿದೆ ಎಂಬ ಧೈರ್ಯದಲ್ಲಿ, ಮುಚ್ಚಳ ಸಿಕ್ಕಿಕೊಳ್ಳಲು ಕಾರಣವಾದ ತಪ್ಪೆಲ್ಲಿದೆಯೆಂದು ನೋಡಲು ಅವಳು ಪ್ರೋಗ್ರಾಮನ್ನು ಮುಂದಕ್ಕೆ ಬಿಟ್ಟಳು.

ಅಚ್ಚು ದಡಕ್ಕನೆ ಇಳಿಯಿತು.

ಮೂಳೆ ಲಟಕ್ಕೆಂದದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಕಾದ ಕಬ್ಬಿಣದ ಮೇಲೆ ರಕ್ತ ಚುರ್ರೆಂದಿತು. ಆಮೇಲೆ ಮಾವ ಕೂಗಿದ. ಕಿಟಕಿಯ ಗಾಜು ಅದುರುವಷ್ಟು ಕೂಗಿದ. ಆಚೆ ಬೆಸುಗೆ ಹಾಕುತ್ತಿದ್ದ ಅವನ ಮಗ ಓಡಿ ಬಂದು, ಹಾರೆ ತುರುಕಿ ಅಚ್ಚು ಎತ್ತಿ, ಅಪ್ಪನ ಕೈ ಎಳೆದ. ಅದೇ ಹಾರೆಯಿಂದ ಲ್ಯಾಪ್‌ಟಾಪನ್ನು ಎರಡು ಹೋಳು ಮಾಡಿದ. ಆಮೇಲೆ ಅವಳ ಜುಟ್ಟು ಹಿಡಿದು ಹಣೆಯನ್ನು ಕಂಬಕ್ಕೆ ಚಚ್ಚಿದ.

"ನಮ್ಮಪ್ಪನ ಕೈ ತಿಂದ್ಯಲ್ಲೇ!"

ಇನ್ನೊಮ್ಮೆ ಚಚ್ಚುವಷ್ಟರಲ್ಲಿ ಮಾವ ಎಡಗೈಯಲ್ಲಿ ಮಗನ ಕೆನ್ನೆಗೆ ಬಿಗಿದ.

"ಬಿಡೋ ಅವಳನ್ನ! ಸ್ವಿಚ್ ಆರಿಸದೆ ಕೈ ಹಾಕಿದೋನು ನಾನು. ನನಗೆ ಹೊಡಿ, ಬಾ."

ಮಗ ಹೊಡೆಯಲಿಲ್ಲ. ಹಾರೆ ಬಿಸಾಕಿ ಅಪ್ಪನನ್ನು ಎತ್ತಿಕೊಂಡ.

ಹಣೆಗೆ ಹೊಲಿಗೆ ಹಾಕಿಸಿಕೊಂಡ ಮೇಲೆ ಅವಳು ಬೇರೊಂದು ಕಂಪ್ಯೂಟರಿನಲ್ಲಿ ಅದೇ ಪ್ರೋಗ್ರಾಂ ತೆರೆದು ತಪ್ಪನ್ನು ಹುಡುಕಿ ನೋಡಿದಳು. ಅವಳು ಹಾಕಿದ ಲಾಕ್ ಆ ಫಂಕ್ಷನ್ನಿನೊಳಗೆ ಹುಟ್ಟಿ ಅಲ್ಲೇ ಸತ್ತಿತ್ತು. ಒತ್ತುಯಂತ್ರ ನೋಡುತ್ತಿದ್ದುದು ಫಂಕ್ಷನ್ನಿನ ಹೊರಗಿದ್ದ, ಅದೇ ಹೆಸರಿನ ಇನ್ನೊಂದು ಲಾಕನ್ನು. ಅದು ಆರಂಭದಿಂದಲೂ ತೆರೆದೇ ಇತ್ತು. ಅವಳು ಪ್ರಿಂಟ್ ಮಾಡಿ ನಂಬಿದ್ದು ತಾನೇ ಬರೆದದ್ದನ್ನು.

ಯಂತ್ರ ಒಂಬತ್ತು ದಿನ ನಿಂತಿತು. ಈಗ ಅಚ್ಚಿಗೆ ಕೈ ಹಾಕುವವರು ಮೇನ್ ಸ್ವಿಚ್ ಆರಿಸಿ, ಅದಕ್ಕೆ ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡೇ ಹಾಕುತ್ತಾರೆ. ಮಾವನ ಬಲಗೈಯಲ್ಲಿ ಉಳಿದದ್ದು ಎರಡು ಬೆರಳು.