ಎರಡೆಳೆಯ ಕಂಬಳಿ

ತಂತಿ ಕತ್ತರಿಸಿದವರು ಯಾರೆಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ಇಬ್ಬರೇ. ಅದನ್ನು ಪತ್ತೆಹಚ್ಚಲೆಂದೇ ಸಂಬಳ ತಿನ್ನುತ್ತಿದ್ದ ಸಬ್ ಇನ್‌ಸ್ಪೆಕ್ಟರು, ಮತ್ತು ಅವರ ಕಿವಿಗೆ ಸುದ್ದಿ ಮುಟ್ಟಿಸಲೆಂದೇ ಸರ್ಕಾರ ನೇಮಿಸಿದ್ದ ಊರ ಮುನಸಬ ಗಾದಿಲಿಂಗಪ್ಪ.

ಅದು ನಲವತ್ತೆರಡನೇ ಇಸವಿಯ ಆಗಸ್ಟ್ ತಿಂಗಳು. ಬೊಂಬಾಯಿಯಲ್ಲಿ ನಾಯಕರನ್ನೆಲ್ಲ ಹಿಡಿದು ಜೈಲಿಗೆ ಹಾಕಿದ ಸುದ್ದಿ ಆದವಾನಿಯ ಹತ್ತಿ ಮಾರುಕಟ್ಟೆಯಿಂದ ಎತ್ತಿನ ಗಾಡಿಗಳ ಜೊತೆ ಹಳ್ಳಿಗಳಿಗೆ ಬಂದಿತ್ತು. ಅದಾಗಿ ಎರಡು ವಾರಕ್ಕೆ, ಊರಿನಿಂದ ಮೂರು ಮೈಲಿ ದೂರದ ರೈಲು ಹಳಿಯ ಪಕ್ಕದಲ್ಲಿ ನೂರು ಗಜ ಟೆಲಿಗ್ರಾಫ್ ತಂತಿ ಮಾಯವಾಯಿತು. ಕಂಬದ ಬುಡದಲ್ಲಿ ಒಂದು ಕರಿ ಕಂಬಳಿ ಬಿದ್ದಿತ್ತು. ಚಕ್ರಾಧಿಪತ್ಯವನ್ನು ಉಳಿಸಿಕೊಳ್ಳಲು ಇನ್ನೇನು ಬೇಕು?

“ಈ ಸೀಮ್ಯಾಗ ಇಷ್ಟು ಬಿಗಿ ನೇಯಾವ ಒಬ್ಬನಽ ಅದಾನ, ಜಂಬಪ್ಪ,” ಎಂದು ಗಾದಿಲಿಂಗಪ್ಪ ಮಡಿಚಿದ ಕಂಬಳಿಯ ಮೇಲೆ ಕಣ್ಣಾಡಿಸಿ ಹೇಳಿಬಿಟ್ಟ.

ಸಬ್ ಇನ್‌ಸ್ಪೆಕ್ಟರು ಜಂಬಪ್ಪನ ಮಗ್ಗದ ಮುಂದೆ ಬಂದು ನಿಂತು, “ಇದು ನೀ ನೇದದ್ದೇನಲೇ?” ಎಂದರು.

ತೆರಿಗೆಗೆಂದು ಕುರಿಗಳೆಷ್ಟಿವೆ ಎಂದು ಕೇಳಿದ್ದರೆ ಜಂಬಪ್ಪ ಲೀಲಾಜಾಲವಾಗಿ ಸುಳ್ಳು ಹೇಳುತ್ತಿದ್ದ. ಆದರೆ ಅವರು ಕೇಳಿದ್ದು ಅವನ ಕೈಕೆಲಸದ ಬಗ್ಗೆ. ಅವನು ಮಡಿಕೆಯ ಒಂದು ಪದರವನ್ನು ಬೆರಳಲ್ಲಿ ತಿಕ್ಕಿ ನೋಡಿದ, ಎಳೆಗೆ ಸವರಿದ ಹುಣಸೆ ಬೀಜದ ಗಂಜಿಯ ವಾಸನೆ ಮೂಸಿದ, ಮುಖ ಅರಳಿತು.

“ಹೌದ್ರಿ, ನಂದಽ ಕೈ. ಹಿಂಗ ನೇಯಾವ್ರು ಮತ್ಯಾರದಾರ, ನೀವಽ ಹೇಳ್ರಿ?”

ಅಷ್ಟಕ್ಕೇ ಅವನ ಕೈ ಕಟ್ಟಿದರು. ನೇದವನೇ ಹೊದ್ದವನು, ಹೊದ್ದವನೇ ಕತ್ತರಿಸಿದವನು ಎಂಬುದು ಸಬ್ ಇನ್‌ಸ್ಪೆಕ್ಟರರ ತರ್ಕ. ಆ ತರ್ಕದಂತೆ ಅವರ ಬೂಟು ಮಾಡುವ ತಪ್ಪಿಗೆಲ್ಲ ಬೂಟು ಹೊಲಿದವನೇ ಹೊಣೆ. ಹಗ್ಗ ಕಟ್ಟಿದ ಕಾನ್‌ಸ್ಟೇಬಲ್ ದುರುಗಣ್ಣ ಮಾತ್ರ ಜಂಬಪ್ಪನ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು, ಬಟ್ಟೆಯ ಮೇಲೆ ಹಗ್ಗ ಸುತ್ತಿದ. ಚರ್ಮಕ್ಕೆ ಹಗ್ಗ ತಾಗಲಿಲ್ಲ. ಅದನ್ನು ಕಂಡದ್ದು ಜಂಬಪ್ಪನ ಹೆಂಡತಿ ಪಕೀರಮ್ಮ ಒಬ್ಬಳೇ.

ಮರುದಿನ ಬೆಳಿಗ್ಗೆ ವಿಚಾರಣೆಗೆ ತಹಸೀಲ್ದಾರರು ಬಂದರು. ತಪ್ಪು ಸಾಬೀತಾದರೆ ಹನ್ನೆರಡು ಛಡಿ ಏಟು, ಒಂದು ವರ್ಷ ಬಳ್ಳಾರಿ ಜೈಲು ಎಂದು ಗಾದಿಲಿಂಗಪ್ಪ ಬಾವಿಕಟ್ಟೆಯ ಹೆಂಗಸರಿಗೂ ಕೇಳುವಂತೆ ಸಾರಿಕೊಂಡು ಬಂದಿದ್ದ. ಪಕೀರಮ್ಮನಿಗೆ ಏಟಿಗಿಂತ ಜೈಲಿನ ಭಯ ಹೆಚ್ಚಾಗಿತ್ತು. ಒಂದು ವರ್ಷ ಕಲ್ಲು ಒಡೆದ ಕೈಗೆ ಎಳೆ ಸಿಗುವುದಿಲ್ಲ. ಜಂಬಪ್ಪನಿಗೆ ಆ ಕೈ ಬಿಟ್ಟರೆ ಬೇರೇನೂ ಇರಲಿಲ್ಲ. ಬುದ್ಧಿಯಂತೂ ಇಲ್ಲವೆಂದು ಹಿಂದಿನ ದಿನವೇ ತೋರಿಸಿಕೊಂಡಿದ್ದ.

ಚಾವಡಿಯಲ್ಲಿ ಮೇಜು ಹಾಕಿದ್ದರು. ತಹಸೀಲ್ದಾರರು ಕೊಡೆಯನ್ನು ಕಂಬಕ್ಕೆ ಒರಗಿಸಿ ಕೂತು, ಗಡಿಯಾರ ನೋಡಿಕೊಂಡರು. ಮುನಸಬನ ಮನೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಗಾದಿಲಿಂಗಪ್ಪ ತನ್ನ ಕುರ್ಚಿಯ ಮೇಲೆ ಕಂಬಳಿ ಹಾಸಿಕೊಂಡು ವಿರಾಜಮಾನನಾಗಿದ್ದ. ಹೊಸ ಕಂಬಳಿಯಲ್ಲದೆ ಬೇರೆ ಏನೂ ಅವನ ಕೆಳಭಾಗಕ್ಕೆ ಹಿಡಿಸುತ್ತಿರಲಿಲ್ಲ. ಪ್ರತಿ ವರ್ಷ ಉಗಾದಿಗೆ ಮರಿಗಳ ಮೊದಲ ಉಣ್ಣೆಯಿಂದ ನೇದ ಕಂಬಳಿ ಅವನ ಮನೆಗೆ ಕಾಣಿಕೆಯಾಗಿ ಹೋಗಬೇಕು. ಕಂಬಳಿ ಮಗ್ಗದಿಂದ ಇಳಿದ ಮೇಲೆ ಮನೆಯ ಹೆಂಗಸು, ಕಾಣಿಕೆಯದೆಂಬ ಗುರುತಿಗೆ, ಅದರ ಮೂಲೆಗೆ ಒಂದು ಕೆಂಪು ಎಳೆ ಹೊಲಿಯುತ್ತಾಳೆ. ಅದು ಹೆಂಗಸರ ಕೆಲಸ, ಗಂಡಸರು ಆ ಮೂಲೆಯನ್ನು ತಿರುಗಿಯೂ ನೋಡುವುದಿಲ್ಲ. ಕೆಂಪು ಎಳೆ ಬಿದ್ದ ಕಂಬಳಿಯನ್ನು ಕುರುಬರ ಮನೆಯಲ್ಲಿ ಯಾರೂ ಹೊದೆಯುವುದಿಲ್ಲ. ಹೊದ್ದರೆ ಆ ವರ್ಷದ ಮರಿಗಳು ಉಳಿಯುವುದಿಲ್ಲವೆಂಬ ನಂಬಿಕೆ. ಆ ನಂಬಿಕೆಯಿಂದ ಲಾಭವಾದದ್ದು ಯಾರಿಗೆ ಎಂದು ಯಾರೂ ಕೇಳಿರಲಿಲ್ಲ.

ಸಬ್ ಇನ್‌ಸ್ಪೆಕ್ಟರು ತಮ್ಮ ಹೇಳಿಕೆಯನ್ನು ತಾವೇ ಓದಿದರು. ಇನ್ನೂರು ಜನ ದೊಂಬಿಕೋರರು, ಕೊಡಲಿ, ಘೋಷಣೆ. ಘಟನೆಯ ಸಂಜೆ ತಾವು ಪೊಲೀಸ್ ಸ್ಟೇಷನ್ನಿನಲ್ಲೇ ಇದ್ದು, ಕಂಬದ ಕಡೆ ಹೋಗಿಯೇ ಇರಲಿಲ್ಲ ಎಂಬ ಸಾಲನ್ನು ಎರಡು ಸಲ ಓದಿದರು. ಯಾರೂ ಅದನ್ನು ಕೇಳಿರಲಿಲ್ಲ.

“ಆ ಕಂಬಳಿ ತೋರಿಸ್ರಿ,” ಎಂದರು ತಹಸೀಲ್ದಾರರು.

ಮಡಿಚಿದ ಕಂಬಳಿಯನ್ನು ಮೇಜಿನ ಮೇಲಿಟ್ಟಿದ್ದರೆ ಸಾಕಿತ್ತು. ದುರುಗಣ್ಣ ಅದನ್ನು ಕೊಡವಿ ಅಗಲಕ್ಕೆ ಬಿಚ್ಚಿದ. ಅವನ ತಾಯಿ ಹಾಲಹರವಿ ಕಡೆಯ ಕುರುಬರ ಮನೆಯವಳು. ಬಿಚ್ಚಿದವನು ಒಂದು ಮೂಲೆಯನ್ನು ಪಕೀರಮ್ಮ ಕೂತ ಕಡೆಗೆ ಇಳಿಬಿಟ್ಟು, ಚಾವಡಿಯ ತೊಲೆಗಳನ್ನು ಎಣಿಸುವವನಂತೆ ಮೇಲೆ ನೋಡುತ್ತ ನಿಂತ.

ಆ ಮೂಲೆಯಲ್ಲಿ ಎರಡು ಕೆಂಪು ಎಳೆಗಳಿದ್ದವು.

ಪಕೀರಮ್ಮ ಎದ್ದು ನಿಂತಳು. “ಸಾಹೇಬ್ರ, ಅದು ನಮ್ಮ ಗಂಡ ನೇದದ್ದು ಖರೇ. ಆದ್ರ ಅದು ನಮ್ಮ ಮನ್ಯಾಗ ಇಲ್ರಿ. ಉಗಾದಿಗೇ ಹೋಗೇತಿ.”

“ನೋರು ಮೂಸ್ಕೋವೇ! ಬಾಯಿ ಮುಚ್ಚು!” ಸಬ್ ಇನ್‌ಸ್ಪೆಕ್ಟರು ಗದರಿದರು. ಕೋಪ ಬಂದಾಗ ಅವರಿಗೆ ತೆಲುಗೇ ಮೊದಲು ಬರುತ್ತಿತ್ತು.

“ಹೇಳಲಿ ಬಿಡ್ರಿ,” ಎಂದರು ತಹಸೀಲ್ದಾರರು. ನ್ಯಾಯದ ಮೇಲಿನ ಪ್ರೀತಿಯಿಂದಲ್ಲ, ಅವರಿಗೆ ತಮ್ಮ ಕೈಕೆಳಗಿನವರು ಪೇಚಾಡುವುದನ್ನು ನೋಡುವ ಚಪಲವಿತ್ತು.

“ಒಂದೆಳಿ ಕಂಬಳಿ ಮುನಸಬ್ರದು. ಈಗ ಅವ್ರ ಕುಂಡಿ ಕೆಳಗ ಐತಿ, ಎಬ್ಬಿಸಿ ನೋಡ್ರಿ.”

ಚಾವಡಿಯ ಹೊರಗಿನಿಂದ ಯಾರೋ ಕಿಸಕ್ಕೆಂದರು. ತಹಸೀಲ್ದಾರರು ಕಣ್ಣಿನಲ್ಲೇ ಸನ್ನೆ ಮಾಡಿದರು. ಗಾದಿಲಿಂಗಪ್ಪ ಏಳಬೇಕಾಯಿತು. ಮೂಲೆಯಲ್ಲಿ ಒಂದು ಕೆಂಪು ಎಳೆ ಇತ್ತು.

“ಈ ವರ್ಷ ಎರಡು ಬೇಕು ಅಂದ್ರು. ಎರಡ್ನೇದು ಯಾರಿಗ್ರಿ ಮುನಸಬ್ರ ಅಂತ ಕೇಳಿದೆ. ‘ಪೊಲೀಸ್ ಸಾಹೇಬ್ರಿಗವ್ವ, ದೊಡ್ಡೋರು, ತೆಳ್ಳಗ ನೇಯಬ್ಯಾಡ್ರಿ’ ಅಂದ್ರು. ಅದಲುಬದಲು ಆಗಬಾರದಂತ ಅದಕ್ಕ ಎರಡೆಳಿ ಹಾಕೀನಿ. ಅದಽ ಇದು. ಕಂಬದ ಬುಡಕ ಹೆಂಗ ಹೋತೋ, ನಡೆದುಕೊಂಡು ಹೋತೋ ಏನೋ, ಅವ್ರನ್ನಽ ಕೇಳ್ರಿ.”

ತಂತಿ ಕಾಯಲೆಂದು ಹೋದ ದೊಡ್ಡ ಮನುಷ್ಯ ಸಂಜೆಯ ತಂಪಿಗೆ ಕಂಬಳಿ ಹಾಸಿ ಅಡ್ಡಾಗಿದ್ದು, ನಾಲ್ಕು ಕಲ್ಲು ಬಿದ್ದ ಕೂಡಲೇ ಹಾಸಿಗೆ ಬಿಟ್ಟು ಓಡಿದ್ದು, ಆ ನಾಲ್ಕು ಕಲ್ಲುಗಳೇ ಕಾಗದದ ಮೇಲೆ ಇನ್ನೂರು ಜನರಾಗಿದ್ದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ದುರುಗಣ್ಣ ಇನ್ನೂ ತೊಲೆಗಳನ್ನೇ ನೋಡುತ್ತಿದ್ದ.

“ನನಗೆ ಯಾರೂ ಕಂಬಳಿ ಕೊಟ್ಟಿಲ್ಲ,” ಎಂದರು ಸಬ್ ಇನ್‌ಸ್ಪೆಕ್ಟರು.

“ನಾನೂ ಯಾರಿಗೂ ಕೊಟ್ಟಿಲ್ರಿ, ದೇವರಾಣಿ,” ಎಂದ ಗಾದಿಲಿಂಗಪ್ಪ. ಅಷ್ಟು ಹೊತ್ತಿಗೆ ಅವನು ತನ್ನ ಕಂಬಳಿಯ ಮೂಲೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದ.

“ಹಂಗಾದ್ರ ಯಾರದೂ ಅಲ್ಲ ಅಂದಂಗಾತು,” ಎಂದಳು ಪಕೀರಮ್ಮ.

ತಹಸೀಲ್ದಾರರಿಗೆ ಸತ್ಯ ತಿಳಿದಿತ್ತು. ತಿಳಿದ ಸತ್ಯವನ್ನು ಬರೆದರೆ ಮೇಲಿನವರು ನೂರು ಪ್ರಶ್ನೆ ಕೇಳುತ್ತಾರೆ, ಹೋಳಿಗೆ ಆರಿಹೋಗುತ್ತದೆ. ಅವರು ಪೆನ್ನು ತೆಗೆದು ಹೀಗೆ ಬರೆದರು: ತಂತಿ ಗಾಳಿಗೆ ತುಂಡಾಗಿ ಬಿದ್ದಿದೆ, ಕಂಬಳಿಗೂ ಪ್ರಕರಣಕ್ಕೂ ಸಂಬಂಧವಿಲ್ಲ. ನೂರು ಗಜ ತಂತಿಯನ್ನು ಸುರುಳಿ ಸುತ್ತಿ ಹೊತ್ತೊಯ್ಯುವ ಗಾಳಿ ಆ ಸೀಮೆಯಲ್ಲಿ ಅದಕ್ಕೂ ಮೊದಲು ಬೀಸಿರಲಿಲ್ಲ, ಆಮೇಲೂ ಬೀಸಿಲ್ಲ. ಮೂವರೂ ಸಹಿ ಹಾಕಿದರು. ಸಬ್ ಇನ್‌ಸ್ಪೆಕ್ಟರರ ಸಹಿ ಎಲ್ಲಕ್ಕಿಂತ ದೊಡ್ಡದು.

ದುರುಗಣ್ಣ ಹಗ್ಗ ಬಿಚ್ಚಿದ. ಬಿಚ್ಚುವಾಗ, “ಯಕ್ಕಾ, ಲಗೂನ ಕರ್ಕೊಂಡು ಹೋಗು. ಇವ್ರ ಮನಸ್ಸು ತಿರುಗೋಕ ಹೊತ್ತು ಬೇಕಾಗಂಗಿಲ್ಲ,” ಎಂದು ಪಿಸುಗುಟ್ಟಿದ.

“ಹೋಗ್ತೀನಿ ತಡಿ ತಮ್ಮ,” ಎಂದು ಪಕೀರಮ್ಮ ಮೇಜಿನ ಹತ್ತಿರ ಹೋದಳು. “ಸಾಹೇಬ್ರ, ಯಾರದೂ ಅಲ್ಲದ ಕಂಬಳಿ ನನಗ ಕೊಡ್ರಿ. ನೇದಾವ್ರಿಗಾದ್ರೂ ಇರಲಿ.”

ತಹಸೀಲ್ದಾರರು ಸಬ್ ಇನ್‌ಸ್ಪೆಕ್ಟರರತ್ತ ನೋಡಿದರು. “ನಿಮ್ಮದೇನಾದರೂ ತಕರಾರು ಐತೇನ್ರಿ?”

ತಕರಾರು ಹೇಳಬೇಕೆಂದರೆ ಅದು ತನ್ನದೆನ್ನಬೇಕು. ಸಬ್ ಇನ್‌ಸ್ಪೆಕ್ಟರು ಗೋಡೆಯ ಮೇಲಿನ ಚಕ್ರವರ್ತಿಯ ಪಟವನ್ನು ನೋಡಿದರು. ಅಲ್ಲಿಂದಲೂ ಸಹಾಯ ಬರಲಿಲ್ಲ.

ಹೊರಗೆ ಸಣ್ಣಗೆ ಹನಿ ಬೀಳುತ್ತಿತ್ತು. ಚಾವಡಿಯ ಮೆಟ್ಟಿಲ ಮೇಲೆ ನಿಂತು ಪಕೀರಮ್ಮ ಕಂಬಳಿಯ ಮೂಲೆಯನ್ನು ಬಾಯಿಗೆ ಹಿಡಿದು, ಎರಡೂ ಕೆಂಪು ಎಳೆಗಳನ್ನು ಹಲ್ಲಿನಿಂದ ಕಿತ್ತಳು. ಕಿತ್ತವನ್ನು ಆ ಮೆಟ್ಟಿಲ ಮೇಲೆಯೇ ಉಗುಳಿ, ಕಂಬಳಿಯನ್ನು ಗಂಡನ ಹೆಗಲಿಗೆ ಹಾಕಿದಳು.

“ಬ್ಯಾಡಲೇ ಪಕೀರಿ,” ಜಂಬಪ್ಪ ಹೌಹಾರಿದ. “ಮರಿ ಸಾಯ್ತಾವ.”

“ಸತ್ರ ಮುನಸಬನ ಕುರ್ಚಿ ಮ್ಯಾಲೆ ಹಾಕಿ ಬರ್ತೀನಿ. ಹೊದ್ದುಕೋ. ಮತ್ತ ಇನ್ನೊಂದು ಹೇಳ್ತೀನಿ ಕೇಳು.”

“ಏನು?”

“ಇನ್ನ ಮ್ಯಾಲೆ ಪೊಲೀಸಿನಾವ ಬಂದು, ಇದು ನೀ ನೇದದ್ದೇನು ಅಂತ ಕೇಳಿದ್ರ, ಮದ್ಲು ನನ್ನ ಕರಿ.”

ಜಂಬಪ್ಪ ಸ್ವಲ್ಪ ದೂರ ನಡೆದ. ಬೆಚ್ಚಗಾಗುತ್ತ ಬಂದಂತೆ ಕಂಬಳಿಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದ.

“ಆದ್ರೂ ಏನಽ ಹೇಳು,” ಎಂದ, “ಛಲೋ ನೇದೀನಿ.”